ಮಳೆಯ ತಲೆಗೆ ಕಟ್ಟಿದ ತುಕ್ಕು

ಕುಂದಾಪುರದಿಂದ ಬೈಂದೂರಿನ ತನಕ ಹೆದ್ದಾರಿಯ ಪಡುಬದಿಯಲ್ಲಿ, ಕಡಲಿಗೆ ಕೂಗಳತೆಯಲ್ಲಿರುವ ಹಳೆಯ ಶೀಟಿನ ಮಾಡುಗಳ ಕೆಳಗೆ ನಿಂತು ಒಮ್ಮೆ ತಲೆ ಎತ್ತಿ ನೋಡಬೇಕು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಹೊಡೆಸಿಕೊಂಡ ಮೇಲ್ಮೈ ಇನ್ನೂ ಮಾಸಲು ಬೂದುಬಣ್ಣದಲ್ಲಿ ಗಟ್ಟಿಯಾಗಿಯೇ ಇರುತ್ತದೆ. ಒಂದು ಹನಿ ಮಳೆಯೂ ತಾಗದ ಒಳಮೈ ಮಾತ್ರ, ಸೂರಿನಂಚಿನಿಂದ ಮೊಳದಷ್ಟು ಒಳಗೆ, ಕೆಂಪಗೆ ಚಕ್ಕೆ ಎದ್ದಿರುತ್ತದೆ. ಬೆರಳಿನಿಂದ ಕೆರೆದರೆ ಉದುರುತ್ತದೆ. ಶೀಟು ಒಂದೇ, ಕೊಂಡ ದಿನವೂ ಒಂದೇ, ಎರಡು ಬದಿಗೆ ಬಳಿದ ಸತುವಿನ ಲೇಪವೂ ಹೆಚ್ಚುಕಮ್ಮಿ ಒಂದೇ. ಹಾಗಿದ್ದೂ ನೆನೆದ ಬದಿ ಉಳಿಯಿತು, ನೆನೆಯದ ಬದಿ ಹೋಯಿತು.

ಇದನ್ನು ಕಂಡವರೂ ಮಾಡು ಬದಲಿಸುವ ಹೊತ್ತಿಗೆ ಹೇಳುವ ಮಾತು ಒಂದೇ: ‘ನಮ್ಮೂರ ಮಳೆಗೆ ಯಾವ ಶೀಟು ನಿಲ್ಲುತ್ತದೆ ಮಾರಾಯ್ರೆ!’ ಮಳೆಯ ಮೇಲೆ ಹೊರಿಸಿದ ಈ ಆರೋಪದಲ್ಲಿ ಕಾಲುಭಾಗ ಸತ್ಯವಿದೆ. ಉಳಿದ ಮುಕ್ಕಾಲು ಪಾಲಿನ ಅಪರಾಧಿ ಗಾಳಿ. ಅದು ಹೊತ್ತು ತರುವ ಉಪ್ಪು, ಹೊಗೆ, ದೂಳು ಯಾವುವು, ಶೀಟು ಎಷ್ಟು ಹೊತ್ತು ಒದ್ದೆಯಾಗಿರುತ್ತದೆ ಎಂಬುದೇ ಲೋಹದ ಆಯಸ್ಸನ್ನು ತೀರ್ಮಾನಿಸುತ್ತದೆ. ಮಳೆ ಬಹಳ ಸಲ ಬಂದು ಇದನ್ನೆಲ್ಲ ತೊಳೆದು ಹೋಗುವ ಉಪಕಾರಿ.

ಉಕ್ಕಿಗೆ ಸತುವಿನ ಕವಚ ತೊಡಿಸುವ ಉದ್ಯಮಕ್ಕೆ ಇನ್ನೂರು ವರ್ಷ ತುಂಬಿಲ್ಲ. ಲಂಡನ್ನಿನ ಹೆನ್ರಿ ರಾಬಿನ್ಸನ್ ಪಾಮರ್ 1829ರಲ್ಲಿ ಅಲೆಯಲೆಯಾಗಿ ಮಡಿಸಿದ ತಗಡಿಗೆ ಪೇಟೆಂಟ್ ಪಡೆದ. ಅದು ಹಗುರ, ಗಟ್ಟಿ. ಆದರೆ ಬರಿ ಕಬ್ಬಿಣವಾದ್ದರಿಂದ ಬೇಗ ತುಕ್ಕು ತಿನ್ನುತ್ತಿತ್ತು. ಫ್ರಾನ್ಸಿನ ಸ್ತನಿಸ್ಲಾ ಸೊರೆಲ್ 1837ರಲ್ಲಿ ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಇವೆರಡೂ ಕೂಡಿದವು. ಸತುವಿನ ಕತೆ ಮಾತ್ರ ನಮ್ಮದು. ರಾಜಸ್ಥಾನದ ಉದಯಪುರದ ಬಳಿಯ ಜಾವರ್‌ನಲ್ಲಿ ಯುರೋಪಿಗಿಂತ ಶತಮಾನಗಳ ಮೊದಲೇ ಸತುವನ್ನು ದೊಡ್ಡ ಪ್ರಮಾಣದಲ್ಲಿ ಬಟ್ಟಿ ಇಳಿಸುತ್ತಿದ್ದರು. ಸತು 907 ಡಿಗ್ರಿಯಲ್ಲಿ ಆವಿಯಾಗಿಬಿಡುತ್ತದೆ. ಆ ಆವಿ ಗಾಳಿಗೆ ಸಿಕ್ಕಿ ಸುಟ್ಟುಹೋಗದಂತೆ ಕೆಳಮುಖವಾಗಿ ಹಿಡಿದು ತಣಿಸುವ ಮಣ್ಣಿನ ಮೂಸೆಗಳು ಅಲ್ಲಿ ರಾಶಿರಾಶಿ ಸಿಕ್ಕಿವೆ.

ಇವತ್ತಿನ ಕಾರ್ಖಾನೆಗಳಲ್ಲಿ ಸುಮಾರು 450 ಡಿಗ್ರಿಯ ಸತುವಿನ ಕೊಳದಲ್ಲಿ ಉಕ್ಕು ಮುಳುಗಿ ಏಳುತ್ತದೆ. ಹೀಗೆ ಹತ್ತಿದ ಲೇಪ ಎರಡು ಬಗೆಯಲ್ಲಿ ಕಾಯುತ್ತದೆ. ಒಂದು, ನೀರು–ಗಾಳಿ ಉಕ್ಕಿಗೆ ತಾಗದಂತೆ ಅಡ್ಡ ನಿಲ್ಲುತ್ತದೆ. ಎರಡು, ಕೊಯ್ದ ಅಂಚಿನಲ್ಲೋ ಮೊಳೆ ಹೊಡೆದ ತೂತಿನಲ್ಲೋ ಉಕ್ಕು ಬಯಲಾದರೆ, ಪಕ್ಕದ ಸತು ತಾನು ಸವೆದು ಉಕ್ಕನ್ನು ಉಳಿಸುತ್ತದೆ. ಸತು ಕಬ್ಬಿಣಕ್ಕಿಂತ ಬೇಗ ಎಲೆಕ್ಟ್ರಾನ್ ಬಿಟ್ಟುಕೊಡುವ ಲೋಹವಾದ್ದರಿಂದ ಹೀಗಾಗುತ್ತದೆ. ಸಣ್ಣ ಗೀರು ಬಿದ್ದ ಜಿ.ಐ. ಪೈಪು, ಅಂದರೆ ಹೀಗೆ ಸತು ಲೇಪಿಸಿದ ಪೈಪು, ಕೂಡಲೇ ಕೆಂಪಾಗದಿರುವುದಕ್ಕೆ ಇದೇ ಕಾರಣ. ಹಾಗಾಗಿ ಜಿ.ಐ. ಶೀಟಿನ ಆಯಸ್ಸು ಎಂದರೆ ಬೇರೇನೂ ಅಲ್ಲ, ಅದರ ಮೇಲಿನ ಸತುವಿನ ಆಯಸ್ಸು. ಸತು ಮುಗಿದ ದಿನದಿಂದ ಅದು ಬರಿ ತಗಡು.

ಹೊಸ ಶೀಟಿನ ಹೊಳಪು ಕೆಲವೇ ತಿಂಗಳಲ್ಲಿ ಮಾಸುತ್ತದೆ. ಕೊಂಡವರಿಗೆ ಬೇಜಾರು, ಆದರೆ ಲೋಹಕ್ಕೆ ಒಳ್ಳೆಯ ಲಕ್ಷಣ. ಸತು ಮೊದಲು ಗಾಳಿಯ ಆಮ್ಲಜನಕದೊಂದಿಗೆ, ಆಮೇಲೆ ತೇವದೊಂದಿಗೆ, ಕೊನೆಗೆ ಇಂಗಾಲದ ಡೈಆಕ್ಸೈಡಿನೊಂದಿಗೆ ಸೇರಿ ಸತುವಿನ ಕಾರ್ಬೊನೇಟ್ ಆಗುತ್ತದೆ. ಕಾಸಿದ ಹಾಲಿನ ಮೇಲೆ ಕೆನೆ ಕಟ್ಟಿದಂತೆ ಈ ಬೂದು ಪದರ ಕಟ್ಟಿಕೊಳ್ಳುತ್ತದೆ. ನೀರಿಗೆ ಸುಲಭಕ್ಕೆ ಕರಗುವುದಿಲ್ಲ, ಒಳಗಿನ ಸತುವಿಗೆ ಗಾಳಿ ತಾಗಲು ಬಿಡುವುದಿಲ್ಲ. ಈ ಕೆನೆ ಕಟ್ಟಲು ಒಂದು ಷರತ್ತಿದೆ: ಶೀಟು ನೆನೆಯಬೇಕು, ಒಣಗಬೇಕು, ಮತ್ತೆ ನೆನೆಯಬೇಕು. ಗಾಳಿ ಆಡುತ್ತಿರಬೇಕು.

ಆ ಷರತ್ತು ಮುರಿದರೆ ಏನಾಗುತ್ತದೆ ಎಂಬುದನ್ನು ಮಳೆಗಾಲದಲ್ಲಿ ಶೀಟು ಮಾರುವ ಅಂಗಡಿಯ ಅಂಗಳದಲ್ಲಿ ನೋಡಬಹುದು. ಒಂದರ ಮೇಲೊಂದು ಒಟ್ಟಿದ ಹೊಸ ಶೀಟುಗಳ ನಡುವೆ ನೀರು ಇಳಿದು ಕೂತಿರುತ್ತದೆ. ಎರಡನ್ನು ಬಿಡಿಸಿ ನೋಡಿದರೆ ಅಲೆಯ ತಗ್ಗಿನುದ್ದಕ್ಕೂ ಸುಣ್ಣದ ಹಿಟ್ಟು ಚೆಲ್ಲಿದ ಹಾಗೆ ಬೆಳ್ಳನೆಯ ಬೂಸು. ವ್ಯಾಪಾರಿಗಳು ಇದನ್ನು ಬಿಳಿ ತುಕ್ಕು ಎನ್ನುತ್ತಾರೆ. ಆ ಸಂದಿಗೆ ಇಂಗಾಲದ ಡೈಆಕ್ಸೈಡ್ ಸಾಕಷ್ಟು ತಲುಪದೆ ಸತು ಕಾರ್ಬೊನೇಟ್ ಆಗುವ ಬದಲು ಸಡಿಲ ಹೈಡ್ರಾಕ್ಸೈಡಿನಲ್ಲೇ ನಿಂತುಬಿಟ್ಟಿರುತ್ತದೆ. ನೋಡಲು ರಾಶಿ ಬೂಸಿದ್ದರೂ ಖರ್ಚಾದ ಸತು ಅಷ್ಟೇನೂ ಇರುವುದಿಲ್ಲ. ನೈಲಾನ್ ಬ್ರಷ್ಷಿನಿಂದ ಉಜ್ಜಿ, ಒಣಗಿಸಿ, ಗಾಳಿಗೆ ಬಿಟ್ಟರೆ ಆಯಿತು. ಬೂಸಿನಡಿ ಕಪ್ಪು ಕಲೆ, ಕೆಂಪು ಚುಕ್ಕೆ ಕಂಡರೆ ಮಾತ್ರ ಆ ಶೀಟನ್ನು ಅಂಗಡಿಗೇ ಬಿಟ್ಟು ಬನ್ನಿ.

ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಆಗುಂಬೆಯ ಕಡೆಯೂ ತೊಂದರೆ ಸುರಿಯುವ ಮಳೆಯದಲ್ಲ, ನಿಂತ ಒದ್ದೆಯದು. ಶೀಟಿನ ಮೇಲೆ ಶೀಟು ಹೊದಿಸಿದ ಜೋಡಣೆಯ ಸಂದಿ, ಮರದ ಎಲೆ ಕೊಳೆತು ಕೂತ ಮೂಲೆ, ಪಾಚಿ ಕಟ್ಟಿದ ಮಳೆನೀರಿನ ದೋಣಿ, ತುಕ್ಕು ಶುರುವಾಗುವುದು ಇಂಥ ಕಡೆ. ಓಡುವ ನೀರು ಶೀಟನ್ನು ಅಷ್ಟಾಗಿ ಕಾಡುವುದಿಲ್ಲ.

ಹೊಗೆಯ ವಿಚಾರ ಬಂದಾಗ ಮ್ಯಾಂಚೆಸ್ಟರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಕಲ್ಲಿದ್ದಲಿನ ಆ ಊರಿನ ಗಾಳಿ, ಮಳೆ ಎರಡನ್ನೂ ಹಿಡಿದು ಪರೀಕ್ಷಿಸಿದ ರಾಬರ್ಟ್ ಆಂಗಸ್ ಸ್ಮಿತ್ ಎಂಬ ರಸಾಯನಶಾಸ್ತ್ರಜ್ಞ 1852ರಲ್ಲೇ ಅಲ್ಲಿನ ಬಟ್ಟೆಯ ಬಣ್ಣ ಮಾಸುವುದಕ್ಕೂ ಲೋಹ ತುಕ್ಕು ಹಿಡಿಯುವುದಕ್ಕೂ ಗಾಳಿಯಲ್ಲಿರುವ ಗಂಧಕಾಮ್ಲ ಕಾರಣವೆಂದು ಬರೆದ. 1872ರಲ್ಲಿ ಬಂದ ಅವನ ಪುಸ್ತಕದಿಂದ ‘ಆಮ್ಲ ಮಳೆ’ ಎಂಬ ಮಾತು ಬಳಕೆಗೆ ಬಂತು. ಆಮೇಲೆ ನೂರು ವರ್ಷ ಆ ಮಾತು ಕಾಡು, ಕೆರೆ, ಅಮೃತಶಿಲೆಗಳ ಚರ್ಚೆಯಲ್ಲಿ ಮೆರೆಯಿತು. ತಗಡಿನ ಮಟ್ಟಿಗೆ ಅದು ಸ್ವಲ್ಪ ದಾರಿ ತಪ್ಪಿಸಿತು ಎಂದೇ ನನ್ನ ಅನಿಸಿಕೆ. ಹೊಗೆಯ ಮೂಲ ಹತ್ತಿರವಿದ್ದಲ್ಲಿ ಸತುವಿಗೆ ಹೆಚ್ಚು ಹಾನಿ ಮಾಡುವುದು ಮೇಲಿಂದ ಬೀಳುವ ಆಮ್ಲ ಮಳೆಯಲ್ಲ, ಮಳೆ ಇಲ್ಲದ ಹೊತ್ತಿನಲ್ಲಿ ಸದ್ದಿಲ್ಲದೆ ಬಂದು ಒದ್ದೆ ಮೈಗೆ ಅಂಟುವ ಗಂಧಕದ ಹೊಗೆ, ಅಂದರೆ ಸಲ್ಫರ್ ಡೈಆಕ್ಸೈಡ್.

ಅದು ನಡೆಯುವ ಬಗೆ ಹೀಗೆ. ರಾತ್ರಿ ಶೀಟು ತಣ್ಣಗಾಗಿ ಅದರ ಮೇಲೆ ಇಬ್ಬನಿ ಕೂರುತ್ತದೆ. ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆ ಅದು. ಗಾಳಿಯಲ್ಲಿರುವ ಸಲ್ಫರ್ ಡೈಆಕ್ಸೈಡ್ ಆ ಪೊರೆಗೆ ಕರಗಿ ಆಮ್ಲವಾಗುತ್ತದೆ. ಕಟ್ಟಿದ್ದ ಕಾರ್ಬೊನೇಟ್ ಕೆನೆ ಆಮ್ಲಕ್ಕೆ ತಡೆಯದೆ ಸತುವಿನ ಸಲ್ಫೇಟಾಗಿ ಮಾರ್ಪಡುತ್ತದೆ. ಸಲ್ಫೇಟು ನೀರಿಗೆ ಚೆನ್ನಾಗಿ ಕರಗುತ್ತದೆ. ಮುಂದಿನ ಮಳೆ ಅದನ್ನು ಜಾರಿಸಿಕೊಂಡು ದೋಣಿಗೆ ಇಳಿಸುತ್ತದೆ. ಕೆಳಗೆ ಮತ್ತೆ ಬರಿಮೈ ಸತು, ಮತ್ತೆ ಕೆನೆ ಕಟ್ಟುವ ಕೆಲಸ, ಮತ್ತೆ ಹೊಗೆ. ಪ್ರತಿ ಸುತ್ತಿನಲ್ಲೂ ಲೇಪ ಒಂದಿಷ್ಟು ಇಳಿಯುತ್ತದೆ. ಭತ್ತದ ಗದ್ದೆಗೆ ಸತುವಿನ ಕೊರತೆಯೆಂದು ರೈತ ದುಡ್ಡು ಕೊಟ್ಟು ತಂದು ಎರಚುವ ಜಿಂಕ್ ಸಲ್ಫೇಟೂ ಇದೇ ವಸ್ತು! ಹೊಗೆಯೂರಿನಲ್ಲಿ ಅದು ಮಾಡಿನಿಂದ ಪುಕ್ಕಟೆಯಾಗಿ ಚರಂಡಿ ಸೇರುತ್ತದೆ.

ತುಕ್ಕಿನ ಲೆಕ್ಕಾಚಾರಕ್ಕೆ ಜಗತ್ತೆಲ್ಲ ಬಳಸುವ ಐಎಸ್‌ಒ 9223 ಎಂಬ ಮಾನದಂಡವಿದೆ. ಒಂದು ಊರಿನಲ್ಲಿ ಸತು ವರ್ಷಕ್ಕೆ ಎಷ್ಟು ಸವೆದೀತು ಎಂದು ಅಂದಾಜಿಸಲು ಅದರಲ್ಲೊಂದು ಸೂತ್ರವಿದೆ. ಅದಕ್ಕೆ ಬೇಕಾದ ಅಂಶಗಳು ನಾಲ್ಕೇ: ಉಷ್ಣತೆ, ಗಾಳಿಯ ತೇವಾಂಶ, ಬಂದು ಕೂರುವ ಸಲ್ಫರ್ ಡೈಆಕ್ಸೈಡ್, ಬಂದು ಕೂರುವ ಉಪ್ಪು. ಮಳೆಯ ಪ್ರಮಾಣ ಆ ಸೂತ್ರದಲ್ಲಿ ಇಲ್ಲವೇ ಇಲ್ಲ! ಇನ್ನೊಂದು ಸೋಜಿಗ ಉಷ್ಣತೆಯದು. ಸಲ್ಫರ್ ಡೈಆಕ್ಸೈಡಿನಿಂದಾಗುವ ಸವೆತ ಹತ್ತು ಡಿಗ್ರಿಯ ತನಕ ಬಿಸಿ ಏರಿದಂತೆ ಏರುತ್ತದೆ, ಅಲ್ಲಿಂದ ಮುಂದೆ ಬಿಸಿ ಏರಿದಂತೆ ಇಳಿಯುತ್ತದೆ. ಬಿಸಿಲಿಗೆ ಮೈ ಬೇಗ ಒಣಗುವುದೇ ಕಾರಣ. ಯುರೋಪಿನ ದೇಶಗಳು 1987ರಿಂದ ನಡೆಸಿಕೊಂಡು ಬಂದ ದೊಡ್ಡದೊಂದು ಅಧ್ಯಯನದ ಸೂತ್ರದಲ್ಲಿ ಮಳೆಗೆ ಜಾಗವಿದೆ, ಆದರೆ ಒಂಟಿಯಾಗಿ ಅಲ್ಲ. ಮಳೆಯ ಪ್ರಮಾಣವನ್ನು ಅದರ ಆಮ್ಲೀಯತೆಯೊಂದಿಗೆ ಗುಣಿಸಬೇಕು. ಶುದ್ಧ ಮಳೆ ಎಷ್ಟು ಸುರಿದರೂ ಆ ಗುಣಲಬ್ಧ ದೊಡ್ಡದಾಗುವುದಿಲ್ಲ. ಗಾಳಿಯನ್ನು ಶುದ್ಧ ಮಾಡಿದರೆ ಲೋಹ ಉಳಿಯುತ್ತದೆಯೇ ಎಂಬ ಪ್ರಶ್ನೆಗೂ ಆ ಅಧ್ಯಯನ ಉತ್ತರ ಕೊಟ್ಟಿದೆ. ಯುರೋಪಿನಲ್ಲಿ ಗಂಧಕದ ಹೊಗೆ ಇಳಿದಂತೆ ಬಯಲಿಗಿಟ್ಟ ಸತುವಿನ ಬಿಲ್ಲೆಗಳ ಸವೆತವೂ ಇಳಿಯಿತು. ಬಿಲ್ಲೆಯನ್ನು ತೂಗಿ, ವರ್ಷಗಟ್ಟಲೆ ಬಯಲಿಗಿಟ್ಟು, ತುಕ್ಕು ತೆಗೆದು ಮತ್ತೆ ತೂಗುವುದು, ಪ್ರಯೋಗ ಅಷ್ಟು ಸರಳ.

ಇಂಥ ಬಿಲ್ಲೆಗಳನ್ನು ನಮ್ಮಲ್ಲೂ ಇಟ್ಟಿದ್ದಾರೆ. ತಮಿಳುನಾಡಿನ ಕಾರೈಕುಡಿಯಲ್ಲಿರುವ ಕೇಂದ್ರೀಯ ವಿದ್ಯುತ್‌ರಾಸಾಯನಿಕ ಸಂಶೋಧನಾ ಸಂಸ್ಥೆ ದೇಶದ ಹಲವು ಊರುಗಳಲ್ಲಿ ಉಕ್ಕು, ಸತುವಿನ ತುಣುಕುಗಳನ್ನು ಗಾಳಿಗೊಡ್ಡಿ ಭಾರತದ ತುಕ್ಕಿನ ನಕಾಶೆಯನ್ನೇ ತಯಾರಿಸಿದೆ. ಮಂಡಪಂ ಎಂಬ ಊರಿನ ಕಡಲದಂಡೆಯಲ್ಲಿ ಅದರದೇ ಪರೀಕ್ಷಾ ಕೇಂದ್ರವಿದೆ. ಮನೆ ಕಟ್ಟುವವರ ಕೈಗೆ ಈ ನಕಾಶೆ ತಲುಪಿದ್ದೇ ಕಡಿಮೆ ಎಂಬುದು ಬೇರೆ ಮಾತು.

ಭಾರತದ ಮಳೆಗೆ ಒಂದು ವಿಶೇಷವಿದೆ. ಇಂಗಾಲದ ಡೈಆಕ್ಸೈಡ್ ಕರಗಿರುವುದರಿಂದ ಕೊಳೆಯಿಲ್ಲದ ಮಳೆನೀರಿನ ಪಿಎಚ್ ಸಹಜವಾಗಿಯೇ 5.6ರ ಆಸುಪಾಸಿನಲ್ಲಿರುತ್ತದೆ. ಅದಕ್ಕಿಂತ ಕೆಳಗಿಳಿದರೆ ಆಮ್ಲ ಮಳೆ. ನಮ್ಮ ಬಯಲುಸೀಮೆಯ ಗಾಳಿಯಲ್ಲಿ ಸುಣ್ಣದಂಶದ ದೂಳು ಧಾರಾಳ. ಅದು ಆಮ್ಲವನ್ನು ಅಲ್ಲಲ್ಲೇ ತಟಸ್ಥಗೊಳಿಸುತ್ತದೆ. ಹಾಗಾಗಿ ಹೊಗೆ ಎಷ್ಟೇ ಇದ್ದರೂ ಯುರೋಪಿನಲ್ಲಿ ಬಿದ್ದಂಥ ಆಮ್ಲ ಮಳೆ ನಮ್ಮಲ್ಲಿ ವ್ಯಾಪಕವಾಗಿ ಬೀಳಲಿಲ್ಲ. ಆದರೆ ಈ ರಕ್ಷಣೆ ಶಾಶ್ವತವೇನಲ್ಲ. ಹವಾಮಾನ ಇಲಾಖೆ ದಶಕಗಳಿಂದ ಮಳೆನೀರು ಸಂಗ್ರಹಿಸಿ ನೋಡುತ್ತಿರುವ ವಿಶಾಖಪಟ್ಟಣ, ಪ್ರಯಾಗರಾಜ್, ಅಸ್ಸಾಮಿನ ಮೋಹನ್‌ಬಾರಿಗಳಲ್ಲಿ ಪಿಎಚ್ ಇಳಿಮುಖವಾಗಿರುವುದು ಕಂಡಿದೆ.

ಗಂಧಕದ ಲೆಕ್ಕದಲ್ಲಿ ನಮ್ಮ ಸಾಧನೆ ಎರಡು ದಿಕ್ಕಿಗೆ ಎಳೆದಾಡುತ್ತಿದೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ನಿಯಮದಿಂದಾಗಿ ಪೆಟ್ರೋಲ್, ಡೀಸೆಲ್‌ಗಳಲ್ಲಿ ಗಂಧಕ ಹತ್ತು ಲಕ್ಷಕ್ಕೆ 50 ಪಾಲಿದ್ದದ್ದು 10ಕ್ಕೆ ಇಳಿಯಿತು. ಇದು ನಿಜಕ್ಕೂ ದೊಡ್ಡ ಕೆಲಸ. ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳ ಕತೆ ಹಾಗಿಲ್ಲ. ಹೊಗೆಯಿಂದ ಗಂಧಕ ತೆಗೆಯುವ ಯಂತ್ರ ಹಾಕಬೇಕೆಂದು 2015ರ ಡಿಸೆಂಬರಿನಲ್ಲಿ ನಿಯಮ ಬಂತು. ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಕೊನೆಗೆ 2025ರ ಜುಲೈಯಲ್ಲಿ ಬಹುಪಾಲು ಸ್ಥಾವರಗಳಿಗೆ ವಿನಾಯಿತಿಯೇ ಸಿಕ್ಕಿತು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಚಿಮಣಿ ಎತ್ತರ ಎಂಬ ಸಮಜಾಯಿಷಿಗಳಿವೆ. ಚಿಮಣಿ ಎತ್ತರವಾದರೆ ಹೊಗೆ ದೂರ ಹೋಗಿ ಇಳಿಯುತ್ತದೆ, ಅಷ್ಟೆ. ಈ ವಿನಾಯಿತಿಯ ಚರ್ಚೆಯಲ್ಲಿ ಯಂತ್ರದ ಖರ್ಚು, ವಿದ್ಯುತ್ ದರ, ಜನರ ಶ್ವಾಸಕೋಶ ಬಂದವು. ಹೊಗೆ ಇಳಿಯುವ ಊರುಗಳ ವಿದ್ಯುತ್ ಗೋಪುರ, ಹೆದ್ದಾರಿಯ ಕಂಬಿ, ರೈಲ್ವೆಯ ಮಾಸ್ಟು, ಬಡವರ ಮಾಡು ಎಷ್ಟು ಬೇಗ ಸವೆಯುತ್ತವೆ ಎಂಬ ಖರ್ಚು ಯಾರ ಲೆಕ್ಕಪುಸ್ತಕದಲ್ಲೂ ಎದ್ದು ಕಾಣಲಿಲ್ಲ.

ಕರಾವಳಿಗೆ ಮರಳೋಣ. ಇಲ್ಲಿ ಹೊಗೆಗಿಂತ ಮೊದಲ ಶತ್ರು ಉಪ್ಪು. ಅಲೆ ಒಡೆದಾಗ ಏಳುವ ಸೂಕ್ಷ್ಮ ಹನಿಗಳನ್ನು ಪಡುಗಾಳಿ ಒಳನಾಡಿಗೆ ತಳ್ಳುತ್ತದೆ. ಹೆಚ್ಚಿನ ಪಾಲು ದಂಡೆಯಿಂದ ಕೆಲವು ನೂರು ಮೀಟರಿನೊಳಗೇ ಇಳಿದುಬಿಡುತ್ತದೆ. ಕಡಲಮನೆಗೂ ಅಲ್ಲಿಂದ ಮೂರು ಕಿಲೋಮೀಟರ್ ಆಚೆಯ ಮನೆಗೂ ಶೀಟಿನ ಆಯಸ್ಸಿನಲ್ಲಿ ಭಾರೀ ಅಂತರ ಇರುವುದು ಅದಕ್ಕೇ. ಅಡುಗೆ ಉಪ್ಪು ಗಾಳಿಯ ತೇವಾಂಶ ಶೇ 75 ದಾಟಿದ ಮೇಲಷ್ಟೇ ನೀರು ಹೀರಿ ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡೂ ಇದೆ. ಅದಕ್ಕೆ ಶೇ 33 ತೇವಾಂಶವೇ ಸಾಕು. ಕರಾವಳಿಯಲ್ಲಿ ಅಷ್ಟು ಒಣಗಾಳಿ ಬೀಸುವುದೇ ಅಪರೂಪ. ಅಂದರೆ ಉಪ್ಪು ಕೂತ ಮೈ ನಮ್ಮ ಕಣ್ಣಿಗೆ ಒಣಗಿದಂತೆ ಕಂಡರೂ ಲೋಹದ ಲೆಕ್ಕದಲ್ಲಿ ಹೆಚ್ಚುಕಡಿಮೆ ಇಪ್ಪತ್ತನಾಲ್ಕು ತಾಸೂ ಒದ್ದೆ.

ಸೂರಿನಡಿಯ ಕೆಂಪು ಚಕ್ಕೆಯ ಗುಟ್ಟು ಇದೇ. ಮೇಲ್ಮೈಗೆ ಕೂತ ಉಪ್ಪನ್ನು ಮುಂಗಾರು ದಿನದಿನವೂ ತೊಳೆದು ಹಾಕುತ್ತದೆ. ಒಳಮೈಗೆ ತೊಳೆಯುವವರು ಯಾರು? ಡಿಸೆಂಬರಿನಿಂದ ಮೇ ತನಕ ಮಧ್ಯಾಹ್ನದ ಪಡುಗಾಳಿ ತಂದು ಅಂಟಿಸಿದ ಉಪ್ಪು, ಅದರ ಮೇಲೆ ರಸ್ತೆಯ ದೂಳು, ಅದರ ಮೇಲೆ ಅಡುಗೆಮನೆಯ ಹೊಗೆ, ಹೀಗೆ ವರ್ಷದ ಮೇಲೆ ವರ್ಷ ಪದರ ಕಟ್ಟುತ್ತದೆ. ಈಗ ಮಂಗಳೂರು, ಉಡುಪಿ ಕಡೆಯ ಆರ್‌ಸಿಸಿ ಮನೆಗಳ ತಾರಸಿಯ ಮೇಲೂ ಸೋರಿಕೆ ತಡೆಯಲೆಂದು ಕಬ್ಬಿಣದ ಪೈಪಿನ ಚೌಕಟ್ಟು ನಿಲ್ಲಿಸಿ ಬಣ್ಣದ ಶೀಟು ಹೊದಿಸುವುದು ವಾಡಿಕೆಯಾಗಿದೆ. ಬಣ್ಣದ ಶೀಟು ಮೇಲಿಂದ ಹೊಚ್ಚಹೊಸತಾಗಿರುವಾಗಲೇ ಕೆಳಗಿನ ಪೈಪು, ಬೆಸುಗೆ ಹಾಕಿದ ಗೆಣ್ಣು, ಸ್ಕ್ರೂ ಮೊದಲು ಹೋಗಿರುತ್ತವೆ. ಮಳೆ ತಾಗದ ಜಾಗವೆಂದು ಅಲ್ಲಿಗೆ ಒಂದೇ ಕೋಟು ಪೇಂಟು ಬಳಿದಿರುತ್ತಾರೆ. ತಿರುಗುಮುರುಗಾಗಬೇಕಿತ್ತು.

ತೋಟದವರಿಗೂ ಒಂದು ಮಾತಿದೆ. ಅಡಿಕೆಗೆ ಕೊಳೆರೋಗ ಬಾರದಿರಲೆಂದು ಮುಂಗಾರಿಗೆ ಮೊದಲು ಬೋರ್ಡೋ ದ್ರಾವಣ ಹೊಡೆಯುತ್ತಾರಷ್ಟೆ. ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಸುಣ್ಣ ಸಾಕಾಯಿತೇ ಎಂದು ನೋಡಲು ಹಿರಿಯರು ದ್ರಾವಣಕ್ಕೆ ಕತ್ತಿಯ ಅಲಗು ಅದ್ದುತ್ತಿದ್ದರು. ಅಲಗಿಗೆ ಕೆಂಪು ತಾಮ್ರ ಹತ್ತಿದರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಆ ಅಲಗಿನ ಮೇಲೆ ನಡೆದದ್ದೇ ಶೀಟಿನ ಮೇಲೂ ನಡೆಯುತ್ತದೆ: ಕರಗಿದ ತಾಮ್ರ ಸತುವಿನ ಮೇಲೆ ಕೂತು, ತನ್ನ ಸುತ್ತಲಿನ ಸತುವನ್ನು ಬೇಗ ಬೇಗ ಸವೆಸುತ್ತದೆ. ಮೈಲುತುತ್ತವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕರಗಿಸಬಾರದು ಎಂಬ ನಿಯಮ ಎಲ್ಲರಿಗೂ ಗೊತ್ತು. ಅದೇ ದ್ರಾವಣ ಸೋಗೆಯಿಂದ ತೊಟ್ಟಿಕ್ಕುವ ಪಂಪ್‌ಶೆಡ್ಡಿನ ಮಾಡಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. ಸಿಂಪಡಣೆ ಮುಗಿದ ಸಂಜೆ ಆ ಶೀಟಿಗೆ ನಾಲ್ಕು ಕೊಡ ನೀರು ಹೊಯ್ದರೆ ಖರ್ಚೇನೂ ಇಲ್ಲ. ಕೊಟ್ಟಿಗೆಯ ಮಾಡಿಗೆ ಗಂಜಲದ ಅಮೋನಿಯಾ ಇನ್ನೊಂದು ಕಾಟ. ಅಲ್ಲಿ ಗಾಳಿ ಹೊರಹೋಗುವ ಕಿಂಡಿ ಬಿಡುವುದೇ ಮದ್ದು.

ಇನ್ನು ಅಂಗಡಿ. ಶೀಟು ಕೊಳ್ಳಲು ಹೋದವರು ಕೇಳುವುದು ಗೇಜು, ಉದ್ದ, ಬಣ್ಣ, ದರ. ಗೇಜು ಹೇಳುವುದು ಉಕ್ಕು ಎಷ್ಟು ದಪ್ಪ ಎಂಬುದನ್ನು. ಸತು ಎಷ್ಟಿದೆ ಎಂಬುದಕ್ಕೆ ಬೇರೆ ಅಂಕಿ ಇದೆ, ಅದು ಜಿಎಸ್‌ಎಂ. 120 ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಶೀಟಿನ ಎರಡೂ ಬದಿ ಸೇರಿ 120 ಗ್ರಾಂ ಸತು. ಬದಿಗೆ ಎಂಟೂವರೆ ಮೈಕ್ರಾನಿನಷ್ಟು, ಮಿಲಿಮೀಟರಿನ ನೂರರಲ್ಲೊಂದು ಪಾಲೂ ಅಲ್ಲ. 275 ಜಿಎಸ್‌ಎಂ ಆದರೆ ಬದಿಗೆ ಹತ್ತೊಂಬತ್ತು ಮೈಕ್ರಾನು. ಐಎಸ್‌ಒ ಲೆಕ್ಕದಲ್ಲಿ ಹೊಗೆ, ಉಪ್ಪು ಎರಡೂ ಕಡಿಮೆಯಿರುವ ಊರಿನಲ್ಲಿ ಸತು ವರ್ಷಕ್ಕೆ 0.7 ಮೈಕ್ರಾನಿಗಿಂತ ಹೆಚ್ಚು ಸವೆಯುವುದಿಲ್ಲ, ಮಧ್ಯಮ ಊರಿನಲ್ಲಿ 2.1ರ ತನಕ ಹೋಗಬಹುದು, ಉಪ್ಪುಗಾಳಿಯ ದಂಡೆಯಲ್ಲಿ 4.2ರಿಂದ 8.4ರ ತನಕ. ಭಾಗಾಕಾರ ಮಾಡಿ ನೋಡಿ. ಒಳನಾಡಿನ ಹಳ್ಳಿಯಲ್ಲಿ ಹತ್ತು ಹನ್ನೆರಡು ವರ್ಷ ತುಕ್ಕಿಲ್ಲದೆ ನಿಲ್ಲಬಲ್ಲ 120ರ ಶೀಟು ಕಡಲದಂಡೆಯಲ್ಲಿ ಎರಡು ವರ್ಷಕ್ಕೇ ಸತು ಮುಗಿಸಿಕೊಂಡು ಕೂರಬಹುದು. ಅಂಗಡಿಯವ ಮೋಸ ಮಾಡಿಲ್ಲ, ಮಳೆಯೂ ಮಾಡಿಲ್ಲ.

ಶೇ 55ರಷ್ಟು ಅಲ್ಯೂಮಿನಿಯಂ ಬೆರೆಸಿದ, ಗ್ಯಾಲ್ವಲ್ಯೂಮ್ ಎಂಬ ಹೆಸರಿನಿಂದ ಪರಿಚಿತವಾದ ಲೇಪ 1972ರಿಂದ ಮಾರುಕಟ್ಟೆಯಲ್ಲಿದೆ. ಉಪ್ಪುಗಾಳಿಗೆ ಅದು ಬರಿ ಸತುವಿಗಿಂತ ವಾಸಿ. ಕೊಟ್ಟಿಗೆಗೆ, ಹಸಿ ಸಿಮೆಂಟು ತಾಗುವ ಗೋಡೆಯಂಚಿಗೆ ಬೇಡ. ಅಲ್ಯೂಮಿನಿಯಂ ಕ್ಷಾರಕ್ಕೆ ತಡೆಯುವುದಿಲ್ಲ. ಕಡಲಿಗೆ ತೀರಾ ಹತ್ತಿರದವರಿಗೆ ಶೀಟಿನ ಬದಲು ಹಂಚು ಸಾಧ್ಯವಿದ್ದರೆ ಹಂಚೇ ಲೇಸು ಎನ್ನುವವನು ನಾನು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದಂದಿನಿಂದ ಇಂದಿನ ತನಕ ಈ ಉಪ್ಪುಗಾಳಿಗೆ ಅದು ಸೋತದ್ದಿಲ್ಲ. ಮಂಗನ ಕಾಟ, ಆಳಿನ ಕೊರತೆ, ಪಕ್ಕಾಸಿನ ಮರದ ದರ ನೋಡಿ ಜನ ಶೀಟಿಗೆ ಬಂದಿದ್ದಾರೆ. ಅವರನ್ನು ದೂರುವಂತಿಲ್ಲ.

ಆದ್ದರಿಂದ ಶೀಟೇ ಹಾಕುವುದಾದರೆ, ಅಂಗಡಿಯಲ್ಲಿ ಗೇಜು ಕೇಳಿದ ಮೇಲೆ ಜಿಎಸ್‌ಎಂ ಎಷ್ಟೆಂದು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಚೌಕಟ್ಟಿನ ಪೈಪಿಗೂ ಸ್ಕ್ರೂಗಳಿಗೂ ಅದೇ ಪ್ರಶ್ನೆ ಕೇಳಿ. ಕಡಲ ಹತ್ತಿರದವರು ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಹೋಸ್ ಪೈಪನ್ನು ಮೇಲ್ಮುಖ ಮಾಡಿ, ಮಳೆ ತಲುಪದ ಸೂರಿನ ಒಳಮೈಗೆ ಸಿಹಿನೀರು ಹೊಡೆಯಿರಿ. ಬಾವಿಯ ನೀರು ಉಪ್ಪಾಗಿದ್ದರೆ ಮಾತ್ರ ಆ ನೀರು ಬೇಡ.